ಕೈಗೆ ಬರುತ್ತೆ, ಬಾಯಿಗೆ ಬರಲ್ಲ: ಕೀಪ್ಯಾಡ್ ಬದಲಾಯಿಸುವವರಿಗೆ ಒಂದು ಬಹಿರಂಗ ಪತ್ರ

ಬ್ಯಾಂಕಿನ ಮಿಷನ್‌ಗಳನ್ನು ಆರಿಸಿ ಕೊಳ್ಳುವ ಅಧಿಕಾರಿಗಳಿಗೆ, ಕಾರ್ಡ್ ಉಜ್ಜುವ ಮಿಷನ್‌ಗೆ ಸಾಫ್ಟ್‌ವೇರ್ ಬರೆಯುವವರಿಗೆ, ಇವರಿಬ್ಬರಿಗೂ ನಿಯಮ ಮಾಡುವ ದೊಡ್ಡವರಿಗೆ,

ನಮಸ್ಕಾರ.

ನಾನು ಶನಿವಾರಸಂತೆಯವನು. ಕೊಡಗು ಅಂದ ಕೂಡಲೇ ನಿಮಗೆ ಮಡಿಕೇರಿ, ಮಂಜು, ಹೋಂಸ್ಟೇ ನೆನಪಾಗಬಹುದು. ನಮ್ಮದು ಜಿಲ್ಲೆಯ ಉತ್ತರದ ತುದಿ, ಹಾಸನದ ಗಡಿ ಪಕ್ಕ, ಟೂರಿಸ್ಟ್‌ಗಳು ದಾರಿ ತಪ್ಪಿದರೆ ಮಾತ್ರ ಬರುವ ಊರು. ಇಲ್ಲಿ ಕಾಫಿ, ಕಾಳುಮೆಣಸು, ಶುಂಠಿ ಕೊಳ್ಳುವ ಒಂದು ಅಂಗಡಿಯಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕಾಫಿಗೆ 50 ಕೆಜಿ ಚೀಲ, ಶುಂಠಿಗೆ 60 ಕೆಜಿ ಮೂಟೆ. ಕಾಫಿಯಾದರೆ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಒಂದು ಚೀಲಕ್ಕೆ ಎಷ್ಟು ಕೆಜಿ ಕ್ಲೀನ್ ಕಾಫಿ ಬೀಳುತ್ತದೆ ಎಂದು ಔಟ್‌ಟರ್ನ್ ನೋಡಿ, ಅದಕ್ಕೆ ಆ ದಿನದ ರೇಟು ಗುಣಿಸಬೇಕು. ದಿನವಿಡೀ ಕ್ಯಾಲ್ಕುಲೇಟರ್. ಕಣ್ಣು ತಕ್ಕಡಿ ಮೇಲೆ, ಬಾಯಿ ಬೆಳೆಗಾರರ ಜೊತೆ, ಬಲಗೈ ಮಾತ್ರ ಅದರ ಪಾಡಿಗೆ ಅದು ಒತ್ತುತ್ತಾ ಇರುತ್ತದೆ. ತಪ್ಪು ಒತ್ತಿದರೆ ನೋಡುವುದಕ್ಕೆ ಮೊದಲೇ ಬೆರಳಿಗೆ ಗೊತ್ತಾಗುತ್ತೆ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟು ಪಳಗಿದ ಕೈಯೇ ನನ್ನ ಮಾನ ಕಳೆದದ್ದನ್ನು ಹೇಳಲು ಹೊರಟಿದ್ದೇನೆ.

ಹೋದ ಜುಲೈನಲ್ಲಿ ದೊಡ್ಡಮ್ಮನ ಕಣ್ಣು ತೋರಿಸಲು ಮಡಿಕೇರಿಗೆ ಹೋಗಿದ್ದೆವು. ಜುಲೈ ಅಂದರೆ ಮಳೆ ಹೇಗೆ ಅಂತ ಬೇರೆ ಹೇಳಬೇಕಾಗಿಲ್ಲ. ಊರಲ್ಲಿ ಎರಡು ದಿನದಿಂದ ಕರೆಂಟಿಲ್ಲ, ಮೊಬೈಲ್ ಸತ್ತು ಜೇಬಲ್ಲಿ ಮಲಗಿತ್ತು. ಔಷಧಿ ಅಂಗಡಿಯಲ್ಲಿ ಬಿಲ್ಲು ಎರಡು ಸಾವಿರಕ್ಕೆ ಹತ್ತಿರ. ಕಾರ್ಡ್ ಕೊಟ್ಟೆ. ಅಂಗಡಿಯ ಹುಡುಗ ಮಿಷನ್ ನನ್ನ ಕಡೆ ತಿರುಗಿಸಿದ. ಹಳೇ ಬಟನ್ ಮಿಷನ್ ಅಲ್ಲ, ಹೊಸದು, ದಪ್ಪ ಮೊಬೈಲಿನ ಹಾಗೆ ಬರೀ ಗಾಜು. ಗಾಜಿನ ಮೇಲೆ ಅಂಕಿಗಳು ಇದ್ದವು ನಿಜ, ಆದರೆ ಯಾರೋ ಡಬ್ಬದಲ್ಲಿ ಹಾಕಿ ಕುಲುಕಿ ಸುರಿದ ಹಾಗೆ. ಮೇಲಿನ ಸಾಲಿನಲ್ಲಿ 8, 3, 0. ಅದರ ಕೆಳಗೆ 5, 1, 9. ಉಳಿದದ್ದು ನೆನಪಿಲ್ಲ.

ನನ್ನ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ಪಿನ್ ಎಷ್ಟು? ಗೊತ್ತಿಲ್ಲ. ಏಳು ವರ್ಷದಿಂದ ಅದೇ ಪಿನ್, ವಾರಕ್ಕೆ ಎರಡು ಸಲ ಒತ್ತುತ್ತೇನೆ, ಆದರೆ ಅದು ಯಾವ ಸಂಖ್ಯೆ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನಗೆ ಕೈಗೆ ಬಂದ ಅಂಕಿ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಬೆರಳು ಅದರ ಹಳೇ ದಾರಿ ಹಿಡಿದು ನಾಲ್ಕು ಕಡೆ ಒತ್ತಿಯೂ ಆಗಿತ್ತು. ತಪ್ಪು ಪಿನ್.

ಎರಡನೇ ಸಲಕ್ಕೆ ನಾನು ಬುದ್ಧಿವಂತನಾದೆ. ಕೌಂಟರ್ ಮೇಲೆ ಅವರ ಕ್ಯಾಲ್ಕುಲೇಟರ್ ಇತ್ತು. 'ಒಂದ್ನಿಮಿಷ ಕೊಡಿ' ಅಂತ ಎಳೆದುಕೊಂಡು ಕಣ್ಣು ಬೇರೆ ಕಡೆ ಮಾಡಿ ಕೈ ಬಿಟ್ಟೆ. ಕೈ ಸಲೀಸಾಗಿ ನಾಲ್ಕು ಒತ್ತಿತು. ಪರದೆಯಲ್ಲಿ ಸಂಖ್ಯೆ ಬಂತು. ಆಹಾ, ಇದೇ ಇರಬೇಕು ಅಂತ ಅದನ್ನೇ ಗಾಜಿನ ಮೇಲೆ ಒಂದೊಂದಾಗಿ ಹುಡುಕಿ ಒತ್ತಿದೆ. ಮತ್ತೆ ತಪ್ಪು. ಮೂರನೆಯದು ಹೆದರಿಕೆಯಲ್ಲಿ ಒತ್ತಿದ್ದು, ಏನು ಒತ್ತಿದೆ ಅಂತ ನನಗೂ ಗೊತ್ತಿಲ್ಲ. ಕಾರ್ಡ್ ಬ್ಲಾಕ್.

'ಎಂತ ಆಯ್ತು ಅಣ್ಣ?' ಅಂದ ಹುಡುಗ. ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಹಿಂದೆ ನಿಂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನದೇ ಕಾರ್ಡಿನ ಪಿನ್ ಗೊತ್ತಿಲ್ಲದವನನ್ನು ಜನ ಹೇಗೆ ನೋಡುತ್ತಾರೆ ಅಂತ ನಿಮಗೆ ಗೊತ್ತು ಅಲ್ವಾ? ದೊಡ್ಡಮ್ಮ ಏನೂ ಮಾತಾಡದೆ ಎಲೆಅಡಿಕೆ ಚೀಲ ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ 500ರ ನೋಟುಗಳನ್ನು ಒಂದೊಂದೇ ಬಿಡಿಸಿ ಕೌಂಟರ್ ಮೇಲೆ ಇಟ್ಟರು. ಔಷಧಿ ಕೊಡಿಸಲು ಕರೆದುಕೊಂಡು ಹೋದವನು ನಾನು.

ಬಸ್ಸು ಮಾದಾಪುರ ದಾಟುವಾಗ ಹೊಳೆಯಿತು. ಕ್ಯಾಲ್ಕುಲೇಟರ್ ತಲೆಕೆಳಗು!

ಈಗಲೇ ನಿಮ್ಮ ಮೊಬೈಲಿನ ಡಯಲ್ ಪ್ಯಾಡ್ ತೆರೆದು ನೋಡಿ. 1, 2, 3 ಮೇಲಿನ ಸಾಲು. ಎಟಿಎಂನಲ್ಲೂ ಹಾಗೇ. ಆಮೇಲೆ ಒಂದು ಕ್ಯಾಲ್ಕುಲೇಟರ್ ನೋಡಿ, ಇಲ್ಲವೇ ಕಂಪ್ಯೂಟರ್ ಕೀಬೋರ್ಡಿನ ಬಲಗಡೆ ಇರುವ ಅಂಕಿಗಳನ್ನು ನೋಡಿ. ಅಲ್ಲಿ ಮೇಲಿನ ಸಾಲು 7, 8, 9. ಸುಮ್ನೆ ಉದಾಹರಣೆಗೆ ಒಂದು ಪಿನ್ 1479 ಅಂದುಕೊಳ್ಳಿ (ನನ್ನದಲ್ಲ, ಪ್ರಯತ್ನ ಪಡಬೇಡಿ). ಎಟಿಎಂ ಮೇಲೆ ಅದರ ಆಕಾರ ಹೇಗೆ? ಎಡಗಡೆ ಮೇಲಿಂದ ನೆಟ್ಟಗೆ ಕೆಳಗಿಳಿದು, ಕೊನೆಗೆ ಬಲಗಡೆಯ ಮೂಲೆ. ಅದೇ ಆಕಾರವನ್ನು ಕ್ಯಾಲ್ಕುಲೇಟರ್ ಮೇಲೆ ಎಳೆದರೆ 7413 ಬರುತ್ತದೆ. ನನ್ನ ಕೈ ತಪ್ಪು ಮಾಡಿರಲಿಲ್ಲ. ಅದು ಕಲಿತ ಆಕಾರವನ್ನು ಪಾಪ ಸರಿಯಾಗಿಯೇ ಬರೆದಿತ್ತು, ನಾನು ಬೇರೆ ಹಲಗೆ ಕೊಟ್ಟಿದ್ದೆ. 22 ವರ್ಷ ಎರಡನ್ನೂ ಬಳಸಿದ್ದೇನೆ, ಎರಡೂ ಬೇರೆ ಬೇರೆ ಅಂತ ಒಂದು ದಿನವೂ ಗಮನಿಸಿರಲಿಲ್ಲ.

ಇದು ಯಾಕೆ ಹೀಗೆ ಅಂತ ಆಮೇಲೆ ಓದಿದೆ. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ಊರಲ್ಲಿ ಬೆಳೆದ ಕಥೆ. ಅಮೆರಿಕದ ಸಂಡ್‌ಸ್ಟ್ರಾಂಡ್ ಎನ್ನುವವರ ಕೂಡುವ ಮಿಷನ್ 1914ರ ಹೊತ್ತಿಗೆ ಹತ್ತು ಬಟನ್ನಿನ ಈ ಜೋಡಣೆ ತಂದಿತು, 7, 8, 9 ಮೇಲೆ. ಲೆಕ್ಕದ ಮಿಷನ್‌ಗಳು ಅದೇ ದಾರಿಯಲ್ಲಿ ಬಂದವು. ಫೋನಿನವರು ಬಹಳ ತಡವಾಗಿ ಬಟನ್ನಿಗೆ ಬಂದರು, ಅಲ್ಲಿಯವರೆಗೆ ತಿರುಗಿಸುವ ಡಯಲ್ ಇತ್ತಲ್ಲ. ಅಮೆರಿಕದ ಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ ಡೈನಿಂಗರ್ ಎನ್ನುವವರು ಜನರನ್ನು ಕೂರಿಸಿ ಬಟನ್‌ಗಳನ್ನು ಹೇಗೆಲ್ಲ ಜೋಡಿಸಬಹುದೋ ಹಾಗೆಲ್ಲ ಜೋಡಿಸಿ ಒತ್ತಿಸಿ ನೋಡಿ, 1960ರಲ್ಲಿ ಅದರ ವರದಿ ಪ್ರಕಟಿಸಿದರು. ಗುಂಡಗೆ, ಅಡ್ಡ ಸಾಲು, ಕ್ಯಾಲ್ಕುಲೇಟರ್ ಹಾಗೆ ತಲೆಕೆಳಗು, ಎಲ್ಲ ನೋಡಿದರು. ಚೆನ್ನಾಗಿದ್ದವುಗಳ ನಡುವೆ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಕೊನೆಗೆ 1, 2, 3 ಮೇಲಿರುವುದನ್ನು ಹಿಡಿದರು. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ ಬಟನ್ ಫೋನ್ ಶುರುವಾಯಿತು. ನಕ್ಷತ್ರ ಮತ್ತು ಹ್ಯಾಶ್ ಬಟನ್ ಬಂದದ್ದು ಇನ್ನೂ ಐದು ವರ್ಷ ಬಿಟ್ಟು.

ನನಗೆ ಇಷ್ಟವಾದದ್ದು ಏನೆಂದರೆ ಅವರು ಜನರನ್ನು ಕೂರಿಸಿ ನೋಡಿದರು ಅನ್ನೋದು. ಒತ್ತುವವರ ಕೈಯಲ್ಲೇ ಒತ್ತಿಸಿ ನೋಡಿದರು. ಆ ಗಾಜಿನ ಮಿಷನ್ ಕೊಳ್ಳುವ ಮೊದಲು ನೀವು ಯಾರನ್ನು ಕೂರಿಸಿದ್ದಿರಿ?

ಇನ್ನು ನಾಲ್ಕು ಅಂಕಿಯ ವಿಷಯ. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ದುಡ್ಡು ಕೊಡುವ ಮಿಷನ್ ಶುರು ಮಾಡಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಆತ ಮೊದಲು ಆರು ಅಂಕಿ ಅಂದುಕೊಂಡಿದ್ದರಂತೆ. ಹೆಂಡತಿ, ನನಗೆ ನಾಲ್ಕಕ್ಕಿಂತ ಜಾಸ್ತಿ ನೆನಪಿರಲ್ಲ ಅಂದರಂತೆ. ನಾಲ್ಕಾಯಿತು. ಅಡುಗೆಮನೆ ಮೇಜಿನ ಮುಂದೆ ಒಬ್ಬ ಹೆಂಗಸು ಹೇಳಿದ ಮಾತು ಇಡೀ ಲೋಕಕ್ಕೆ ನಿಯಮವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಕೇಳುವವರು ಇದ್ದರೆ ಹೀಗೂ ಆಗುತ್ತೆ.

ಕೈಗೆ ನೆನಪಿದೆ, ತಲೆಗಿಲ್ಲ ಅಂತ ನಾವು ಹೇಳುತ್ತೇವೆ. ಸ್ನಾಯುವಿನಲ್ಲಿ ನೆನಪು ಇರಲ್ಲ ಅನ್ನೋದು ನನಗೂ ಗೊತ್ತು, ಅದೂ ಮಿದುಳೇ. ಆದರೆ ಮಿದುಳಿನ ಬೇರೆ ಕೋಣೆ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎನ್ನುವವರಿಗೆ ಫಿಟ್ಸ್ ನಿಲ್ಲಿಸಲು ಮಿದುಳಿನ ಆಪರೇಷನ್ ಆಯಿತು. ಆಮೇಲೆ ಅವರಿಗೆ ಹೊಸದೇನೂ ನೆನಪಿನಲ್ಲಿ ಉಳಿಯಲೇ ಇಲ್ಲ, ಈಗ ತಾನೇ ಮಾತಾಡಿ ಹೋದವರು ಮತ್ತೆ ಬಂದರೆ ಹೊಸಬರೇ. ಬ್ರೆಂಡಾ ಮಿಲ್ನರ್ ಎನ್ನುವ ವಿಜ್ಞಾನಿ ಅವರ ಕೈಗೆ ಪೆನ್ಸಿಲ್ ಕೊಟ್ಟು, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ಎಳೆಯಲು ಹೇಳಿದರು. ಮಾಡಿ ನೋಡಿ, ಶುರುವಿನಲ್ಲಿ ಕೈ ಎಲ್ಲೆಲ್ಲೋ ಹೋಗುತ್ತದೆ. ಮೂರು ದಿನದಲ್ಲಿ ಅವರ ಕೈ ಚೆನ್ನಾಗಿ ಪಳಗಿತು. ಅವರಿಗೆ ಮಾತ್ರ ಇದನ್ನು ತಾನು ಹಿಂದೆ ಮಾಡಿದ್ದೇನೆ ಅನ್ನುವ ನೆನಪೇ ಇಲ್ಲ. ತಲೆಗೆ ಗೊತ್ತಿಲ್ಲದೆ ಕೈ ಕಲಿತಿತ್ತು.

ಟೈಪ್ ಮಾಡುವವರದೂ ಇದೇ ಕಥೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಚೆನ್ನಾಗಿ ಟೈಪ್ ಮಾಡುವವರ ಮುಂದೆ ಅಕ್ಷರವೇ ಇಲ್ಲದ ಕೀಬೋರ್ಡಿನ ಚಿತ್ರ ಇಟ್ಟು, ಯಾವ ಅಕ್ಷರ ಎಲ್ಲಿದೆ ಬರೆಯಿರಿ ಅಂದರು. 26ರಲ್ಲಿ ಸರಾಸರಿ 15 ಮಾತ್ರ ಸರಿ ಬಂತು. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಔಷಧಿ ಅಂಗಡಿಯಲ್ಲಿ ಮಾನ ಹೋದದ್ದು ನನ್ನೊಬ್ಬನದೇ ದಡ್ಡತನದಿಂದ ಅಲ್ಲ.

ಈಗ ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಪತ್ರ ನನಗಾಗಿ ಅಲ್ಲ, ಅವರಿಗಾಗಿ. ನನಗೆ ಏನು, ಹೊಸ ಪಿನ್ ಮಾಡಿಸಿಕೊಂಡೆ, ಆಯ್ತು.

ದೊಡ್ಡಮ್ಮ ಸುಂಟಿಕೊಪ್ಪದ ಕಡೆ ಎಸ್ಟೇಟಿನಲ್ಲಿ ನಲವತ್ತು ವರ್ಷ ಕಾಫಿ ಕುಯ್ದವರು. ಲೈನ್ ಮನೆಯಲ್ಲೇ ಬದುಕಿದವರು, ರಿಟೈರ್ ಆದ ಮೇಲೆ ನಮ್ಮ ಜೊತೆ ಇದ್ದಾರೆ. ಅವರು ಹಣ್ಣು ಕುಯ್ಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಪಕ್ಕದ ಸಾಲಿನವರ ಜೊತೆ ಯಾರದೋ ಮದುವೆ ಮಾತು ನಡೆದೇ ಇರುತ್ತದೆ, ಕೈ ಎಲೆಯೊಳಗೆ ಹೋಗಿ ಕೆಂಪು ಹಣ್ಣನ್ನು ಮಾತ್ರ ಬಿಡಿಸಿಕೊಂಡು ಬರುತ್ತದೆ, ಹಸಿರು ಕಾಯಿ ಗಿಡದಲ್ಲೇ ಇರುತ್ತದೆ. ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೆ. 'ಕೈ ನೋಡ್ಕೊಳ್ತದೆ' ಅಂದಿದ್ದರು.

ಅವರಿಗೆ ಓದು ಬರಲ್ಲ. ಅಂಕಿ ಹತ್ತರವರೆಗೆ ಎಣಿಸುತ್ತಾರೆ, ಬರೆದದ್ದು ಗುರುತಿಸುವುದು ಕಷ್ಟ, ಈಗ ಕಣ್ಣಿನ ಪೊರೆ ಬೇರೆ. ಪೆನ್ಶನ್ ಎಟಿಎಂನಲ್ಲಿ ತೆಗೆಯುವುದನ್ನು ನಾನೇ ಕಲಿಸಿದೆ. ಅಂಕಿ ಹೇಳಲಿಲ್ಲ, ಜಾಗ ಹೇಳಿದೆ. ನಡುವಿನ ಬಟನ್ ಮೇಲೆ ಒಂದು ಚಿಕ್ಕ ಉಬ್ಬು ಇದೆ, ಸಾಸಿವೆ ಕಾಳಿನ ಹಾಗೆ, ಅದು ಸಿಗುವವರೆಗೆ ತಡಕು ಅಂದೆ. ಅದು 5. ಅಲ್ಲಿಂದ ಮೇಲಕ್ಕೆ ಒಂದು, ಪಕ್ಕಕ್ಕೆ ಒಂದು, ಹೀಗೆ. ಪೂರ್ತಿ ಹೇಳಲ್ಲ, ಹೇಳಿದರೆ ಪಿನ್ ಕೊಟ್ಟ ಹಾಗೆ. ಮೂರು ತಿಂಗಳಾಯಿತು ಕಲಿಯಲು. ಊಟದ ತಟ್ಟೆ ಮೇಲೆ, ಗೋಡೆ ಮೇಲೆ, ಬಸ್ಸಿನ ಸೀಟಿನ ಬೆನ್ನ ಮೇಲೆ ಒತ್ತಿ ಅಭ್ಯಾಸ ಮಾಡಿದರು. ಈಗ ಒಬ್ಬರೇ ಹೋಗುತ್ತಾರೆ. ಎಡಗೈ ಮರೆ ಮಾಡಿ, ಬಲಗೈಯ ನಡುಬೆರಳಿನಿಂದ ಉಬ್ಬು ಹುಡುಕಿ, ಟಕ್ ಟಕ್ ಟಕ್ ಟಕ್, ಆಮೇಲೆ ಹಸಿರು ಬಟನ್. ದುಡ್ಡು ಎಣಿಸಿ ಎಲೆಅಡಿಕೆ ಚೀಲಕ್ಕೆ.

ಇನ್ನೊಂದು ಮಾತು. ನಲವತ್ತು ವರ್ಷ ಕಾಫಿ ಕುಯ್ದ ಬೆರಳುಗಳಲ್ಲಿ ಗೆರೆ ಉಳಿದಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ ಒರೆಸಿ ಒರೆಸಿ ಇಟ್ಟರೂ ಹಿಡಿಯುವುದಿಲ್ಲ, ನಾಲ್ಕೈದು ಸಲ ಇಡಬೇಕು, ಒಮ್ಮೊಮ್ಮೆ ನಾಳೆ ಬಾ ಅನ್ನುತ್ತಾರೆ. ಹೆಬ್ಬೆಟ್ಟಿನ ಮಿಷನ್ ಗುರುತಿಸದ ಅವರನ್ನು ಇಷ್ಟು ದಿನ ಬೇಗ ಗುರುತಿಸುತ್ತಿದ್ದದ್ದು ಆ ಎಟಿಎಂ ಒಂದೇ. ಈಗ ನಮ್ಮ ಕಡೆಯ ಮಿಷನ್‌ಗಳನ್ನೂ ಬದಲಾಯಿಸುತ್ತಾರೆ, ಗಾಜಿನದು ಬರುತ್ತೆ ಅಂತ ಬ್ಯಾಂಕಿಗೆ ಹೋದವರೆಲ್ಲ ಹೇಳುತ್ತಿದ್ದಾರೆ. ಅದಕ್ಕೇ ಈ ಪತ್ರ.

ಅಂಕಿ ಕಲಸುವುದು ಯಾಕೆ ಅಂತ ನನಗೆ ಗೊತ್ತು. ಹಿಂದೆ ನಿಂತವರು ಕೈ ಓಡುವ ದಾರಿ ನೋಡಿ ಪಿನ್ ಕದಿಯಬಹುದು, ಗಾಜಿನ ಮೇಲೆ ಬೆರಳಿನ ಕಲೆ ಉಳಿಯುತ್ತೆ, ಸರಿ. ಕಳ್ಳರು ಇದ್ದಾರೆ, ಒಪ್ಪುತ್ತೇನೆ. ಆದರೆ ಕಲಸಿದ ಮೇಲೆ ಏನಾಗುತ್ತೆ ನೋಡಿ. ಪಟಪಟ ಒತ್ತಿ ಮುಗಿಸುತ್ತಿದ್ದವರು ಈಗ ಗಾಜಿಗೆ ಮೂಗು ತಾಗಿಸಿಕೊಂಡು ಒಂದೊಂದೇ ಅಂಕಿ ಹುಡುಕುತ್ತಾರೆ, ಹುಡುಕುತ್ತಾ ಬಾಯಲ್ಲಿ ಹೇಳಿಕೊಳ್ಳುತ್ತಾರೆ, 'ನಾಲ್ಕು... ನಾಲ್ಕೆಲ್ಲಿ... ಹಾಂ'. ಇದು ಗುಟ್ಟಾ? ಕೈ ಮರೆ ಮಾಡಿಕೊಳ್ಳಲೂ ಆಗಲ್ಲ, ಮರೆ ಮಾಡಿದರೆ ತಮಗೇ ಕಾಣಲ್ಲ. ಪಿನ್ ಬರೆದ ಚೀಟಿಯನ್ನು ಕಾರ್ಡಿನ ಕವರಿನಲ್ಲೇ ಇಟ್ಟುಕೊಳ್ಳುವವರನ್ನು, ಚೀಟಿಯನ್ನೇ ಅಂಗಡಿಯವರ ಕೈಗೆ ಕೊಟ್ಟು 'ನೀನೇ ಒತ್ತು ಮಗ' ಅನ್ನುವ ಅಜ್ಜಂದಿರನ್ನು ನಾನೇ ನೋಡಿದ್ದೇನೆ. ಕೈಗೆ ಮಾತ್ರ ಗೊತ್ತಿರುವ ಪಿನ್ನನ್ನು ಯಾರೂ ಹೆದರಿಸಿ ಹೇಳಿಸಿಕೊಳ್ಳಲೂ ಆಗಲ್ಲ, ನನ್ನನ್ನೇ ನೋಡಿ!

ಕಣ್ಣು ಕಾಣದವರ ವಿಷಯವಂತೂ ನಿಮಗೆ ನಾನು ಹೇಳಬೇಕಾಗಿಲ್ಲ. 2014ರ ಜುಲೈ 1ರಿಂದ ಹೊಸದಾಗಿ ಇಡುವ ಎಟಿಎಂಗಳೆಲ್ಲ ಮಾತಾಡಬೇಕು, ಬ್ರೈಲ್ ಕೀಪ್ಯಾಡ್ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಎಟಿಎಂಗೆ ಅಷ್ಟು ಯೋಚಿಸಿ, ಅಂಗಡಿಯಲ್ಲಿ ಕೈಗೆ ಕೊಡುವ ಮಿಷನ್ ಮಾತ್ರ ನುಣ್ಣನೆ ಗಾಜು. ಅದರ ಮೇಲೆ ಕಲಸಿದ ಅಂಕಿ. ಬ್ರೈಲ್ ಎಲ್ಲಿ ಅಂಟಿಸುತ್ತೀರಿ?

ಇದೇ ರಗಳೆ ಕನ್ನಡ ಟೈಪ್ ಮಾಡುವವರಿಗೂ ಇದೆ, ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಾನು ನುಡಿ ಕೀಲಿಮಣೆಯವನು, ಕೆ.ಪಿ. ರಾವ್ ಅವರು ಮಾಡಿದ ಜೋಡಣೆ. ಅದರಲ್ಲಿ ಒತ್ತಕ್ಷರಕ್ಕೆ ಎಫ್. ಇನ್‌ಸ್ಕ್ರಿಪ್ಟ್ ಎನ್ನುವ ಇನ್ನೊಂದು ಜೋಡಣೆಯಲ್ಲಿ ಅದೇ ಕೆಲಸಕ್ಕೆ ಡಿ, ಪಕ್ಕದ ಕೀ. ಒಂದು ಸಲ ಬೇರೆಯವರ ಕಂಪ್ಯೂಟರಿನಲ್ಲಿ ಕುಳಿತು 'ಪಕ್ಕ' ಅಂತ ಒತ್ತಿದೆ, 'ಜಕಿಕ' ಅಂತ ಬಂತು. ಒಂದು ಅರ್ಜಿ ಮುಗಿಸಲು ಅರ್ಧ ದಿನ. ಆದರೆ ಅಲ್ಲಿ ಒಂದು ಒಳ್ಳೆಯದಿದೆ. ಕಂಪ್ಯೂಟರಿನಲ್ಲಿ ನನಗೆ ಬೇಕಾದ್ದನ್ನು ನಾನು ಆರಿಸಿಕೊಳ್ಳಬಹುದು. ನಿಮ್ಮ ಗಾಜಿನ ಮಿಷನ್‌ನಲ್ಲಿ ಆರಿಸಿಕೊಳ್ಳುವುದೇ ಇಲ್ಲ.

ನಾನು ಕೇಳುವುದು ಜಾಸ್ತಿ ಏನೂ ಅಲ್ಲ. ಪಿನ್ ಒತ್ತುವ ಕಡೆ 1, 2, 3 ಮೇಲೆ, 0 ಕೆಳಗೆ, ಅದು ಹಾಗೇ ಇರಲಿ. ಅಂಕಿ ಕಲಸಬೇಕು ಅನ್ನುವವರಿಗೆ ಕಲಸುವ ಬಟನ್ ಕೊಡಿ, ಬೇಡ ಅನ್ನುವವರಿಗೆ ಬೇಡ. ಗಾಜೇ ಬೇಕೆಂದರೆ ಅದರ ಪಕ್ಕ ತಂತಿಯಲ್ಲಿ ಕಟ್ಟಿದ ಒಂದು ಬಟನ್ ಪ್ಯಾಡ್ ಇಡಿ, ನಡುವೆ ಆ ಸಾಸಿವೆ ಕಾಳು ಇರಲೇಬೇಕು. ಎರಡು ಸಲ ತಪ್ಪಾದ ಮೇಲೆ, ಇನ್ನೊಂದು ತಪ್ಪಾದರೆ ಕಾರ್ಡ್ ನಿಲ್ಲುತ್ತದೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರಲಿ, ನನಗೆ ಬಂದದ್ದು ಇಂಗ್ಲಿಷಿನಲ್ಲಿ, ಅದೂ ಒಂದು ಕ್ಷಣ. ಮಿಷನ್ ಬದಲಾಯಿಸುವ ಒಂದು ತಿಂಗಳ ಮುಂಚೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಹಳೆಯದನ್ನೂ ಸ್ವಲ್ಪ ದಿನ ಪಕ್ಕದಲ್ಲೇ ಉಳಿಸಿ. ಮೂರು ತಿಂಗಳು ತಟ್ಟೆ ಮೇಲೆ ಅಭ್ಯಾಸ ಮಾಡಿದವರು ಮತ್ತೆ ಕಲಿಯಬೇಕಾದರೆ ಅಷ್ಟಾದರೂ ಸಮಯ ಬೇಡವೇ?

ಆ್ಯಪ್ ಮಾಡುವವರಿಗೂ ಒಂದು ಮಾತು. ನಿನ್ನೆ ಎಡಗಡೆ ಇದ್ದ ಸ್ಕ್ಯಾನ್ ಬಟನ್ ಇವತ್ತು ನಡುವೆ, ನಾಳೆ ಇನ್ನೆಲ್ಲೋ. ನಿಮಗೆ ಹೊಸ ಡಿಸೈನ್, ನಮಗೆ ಸಂತೆಯಲ್ಲಿ ಸೊಪ್ಪಿನವರ ಮುಂದೆ ನಿಂತು ಹುಡುಕಾಟ. ಸಾಲ ಕೊಡುವ ಜಾಹೀರಾತನ್ನು ದಿನಾ ಒತ್ತುವ ಬಟನ್ ಇದ್ದ ಜಾಗದಲ್ಲೇ ತಂದು ಕೂರಿಸುವುದು ಮಾತ್ರ ಬರೀ ಡಿಸೈನ್ ಅಂತ ನಾನು ನಂಬಲ್ಲ.

ನಾನು ಬರೆದದ್ದರಲ್ಲಿ ಅನುಮಾನವಿದ್ದರೆ ಬಂದು ನೋಡಿ. ದೊಡ್ಡಮ್ಮ ಪ್ರತಿ ತಿಂಗಳು ಮೊದಲ ವಾರದಲ್ಲಿ, ಬೆಳಗ್ಗೆ ಹತ್ತೂವರೆ ಬಸ್ಸು ಬಂದು ಹೋದ ಮೇಲೆ ಎಟಿಎಂಗೆ ಹೋಗುತ್ತಾರೆ. ಶನಿವಾರ ಮಾತ್ರ ಬರಬೇಡಿ, ಅವತ್ತು ಸಂತೆ, ನಿಮ್ಮ ಕಾರು ನಿಲ್ಲಿಸಲು ಜಾಗ ಸಿಗಲ್ಲ. ಬರುವಾಗ ಆ ಹೊಸ ಗಾಜಿನ ಮಿಷನ್ ಒಂದನ್ನು ತನ್ನಿ. ಮೊದಲು ಅವರ ಕೈಗೆ ಕೊಡಿ. ಆಮೇಲೆ ನೀವೂ ಕಣ್ಣು ಮುಚ್ಚಿಕೊಂಡು ನಿಮ್ಮ ಪಿನ್ ಒತ್ತಿ ನೋಡಿ, ಮೂರು ಸಲ ಅವಕಾಶ ಇದೆ. ಕಾಫಿ ನಮ್ಮ ಅಂಗಡಿಯದು.

ಇಂತಿ,
ಶನಿವಾರಸಂತೆಯ ಒಬ್ಬ ಲೆಕ್ಕದವನು